ಪುನರ್ಪುಳಿಗೆ ಉಳಿದದ್ದು ಮೂರು ಸೆಕೆಂಡ್

ಮಂಗಳೂರು, ಉಡುಪಿ ಕಡೆಯ ಕಾಲೇಜುಗಳಲ್ಲಿ ಪತ್ರಿಕೋದ್ಯಮ ಓದುವವರು ಪರೀಕ್ಷೆಗೆ ಮೊದಲು ಒಂದು ಟಿ.ವಿ. ಜಾಹೀರಾತು ಮಾಡಿ ಕೊಡಬೇಕು. ಜಾಹೀರಾತು 30 ಸೆಕೆಂಡ್, ಅದರ ಫೈಲು 60 ಪುಟ. ಜಾಹೀರಾತನ್ನು ಎಕ್ಸಾಮಿನರ್ ಮೊಬೈಲಿನಲ್ಲಿ ಸೌಂಡ್ ಇಲ್ಲದೆ ಒಮ್ಮೆ ನೋಡುತ್ತಾರೆ, ಫೈಲನ್ನು ಕೈಯಲ್ಲಿ ತೂಗಿ ನೋಡುತ್ತಾರೆ. ಹಾಗಾಗಿ ಶುರು ಮಾಡಬೇಕಾದದ್ದು ಸ್ಕ್ರಿಪ್ಟಿನಿಂದಲ್ಲ, ಸ್ಪೈರಲ್ ಬೈಂಡಿಂಗ್ ಅಂಗಡಿಯಿಂದ.

ಮಾರಬೇಕಾದದ್ದು ಪುನರ್ಪುಳಿ (ಕೋಕಂ) ಶರಬತ್ತು ಎಂದಿಟ್ಟುಕೊಳ್ಳಿ. ಸೆಕೆಂಡಿಗೆ 25 ಫ್ರೇಮಿನ ಲೆಕ್ಕದಲ್ಲಿ ಕೈಗೆ ಸಿಗುವುದು 750 ಫ್ರೇಮ್. ಮೊದಲ 8 ಸೆಕೆಂಡ್ ಡ್ರೋನಿನಿಂದ ಕಂಡ ಕಡಲು. 6 ಸೆಕೆಂಡ್ ಯಕ್ಷಗಾನ. 5 ಸೆಕೆಂಡ್ ಕಾಲೇಜಿನ ಹೆಬ್ಬಾಗಿಲು. ಕಾಲೇಜು ನಡೆಸುವ ಸಂಚಾಲಕರು ಲೋಟ ಹಿಡಿದು ನಗುವುದಕ್ಕೆ 4, ಕೃತಜ್ಞತೆಗೆ ಇನ್ನೊಂದು 4. ಉಳಿದ 3 ಸೆಕೆಂಡ್ ಧಾರಾಳವಾಗಿ ಪುನರ್ಪುಳಿಯದ್ದೇ.

ಡ್ರೋನ್ ಯಾಕೆ ಎಂದು ಕೇಳಬಾರದು, ಬಾಡಿಗೆ ಕೊಟ್ಟಾಗಿದೆ. 2021ರ ಡ್ರೋನ್ ನಿಯಮದ ಪ್ರಕಾರ ವಿಮಾನ ನಿಲ್ದಾಣದ ಆವರಣದಿಂದ 8ರಿಂದ 12 ಕಿಲೋಮೀಟರ್ ಒಳಗೆ 200 ಅಡಿಗಿಂತ ಮೇಲೆ ಹಾರಿಸಲು ಅನುಮತಿ ಬೇಕು, ಇನ್ನೂ ಹತ್ತಿರ ಹೋದರೆ ಕಟ್ಟುನಿಟ್ಟು ಹೆಚ್ಚು. ಮಂಗಳೂರು ವಿಮಾನ ನಿಲ್ದಾಣವಿರುವ ಬಜ್ಪೆಯ ಆಕಾಶಕ್ಕೂ ವಿಭಾಗ ಮುಖ್ಯಸ್ಥರ ಸೀಲು ಸಾಕು ಎಂಬ ನಂಬಿಕೆ ಮಾತ್ರ ನಮ್ಮಲ್ಲಿ ಗಟ್ಟಿ. ಮಲ್ಪೆಯಲ್ಲಿ ಹಾರಿಸುವುದಾದರೆ ಬೆಳಿಗ್ಗೆಯೇ ಹೋಗಿ. ಮಧ್ಯಾಹ್ನ ಕಳೆದರೆ ಕಡಲ ಗಾಳಿ ಎದ್ದು, ಡ್ರೋನಿನ ಬ್ಯಾಟರಿಯೆಲ್ಲ ನಿಂತಲ್ಲೇ ನಿಲ್ಲುವುದಕ್ಕೆ ಖರ್ಚಾಗುತ್ತದೆ.

ಯಕ್ಷಗಾನದ್ದು ಬೇರೆ ತರದ ಅಪಾಯ. ಬಣ್ಣ ಹಚ್ಚಿ ವೇಷ ಕಟ್ಟಲು ಗಂಟೆಗಟ್ಟಲೆ ಬೇಕು, ಬಿಸಿಲಿಗೆ ನಿಲ್ಲಿಸಿದರೆ ಬೆವರಿಗೆ ಬಣ್ಣ ಇಳಿಯುತ್ತದೆ. ಚೆಂಡೆಗೆ ಮೊದಲೇ ರೆಕಾರ್ಡಿಂಗ್ ಲೆವೆಲ್ ತಗ್ಗಿಸಿಡದಿದ್ದರೆ ಸದ್ದು ಒಡೆಯುತ್ತದೆ, ಒಡೆದದ್ದನ್ನು ಎಡಿಟಿಂಗಿನಲ್ಲಿ ಹೊಲಿಯಲಾಗದು. ಶರಬತ್ತಿನ ಹೆಸರು ತಪ್ಪಾದರೆ ಇಲ್ಲಿ ಯಾರೂ ಕೇಳುವವರಿಲ್ಲ. ಯಕ್ಷಗಾನದ ಬಡಗುತಿಟ್ಟು ಶೈಲಿಯ ವೇಷಕ್ಕೆ ತೆಂಕುತಿಟ್ಟು ಶೈಲಿಯ ಚೆಂಡೆ ಹೊಡೆಸಿ ನೋಡಿ, ಕಮೆಂಟಿಗೆ ಇಡೀ ಮೇಳ ಇಳಿಯುತ್ತದೆ.

ಇನ್ನು ಆ 3 ಸೆಕೆಂಡ್. ವಿದ್ಯೆ ಇರುವುದು ಇಲ್ಲೇ, ಅದಕ್ಕೇ ಇದನ್ನು ಕೊನೆಯ ಬಸ್ಸಿಗೆ 20 ನಿಮಿಷ ಇರುವಾಗ ತೆಗೆಯುತ್ತಾರೆ. ಪುನರ್ಪುಳಿಗೆ ಎದುರಿನಿಂದ ಲೈಟ್ ಬಿಟ್ಟರೆ ಕ್ಯಾಮೆರಾದಲ್ಲಿ ಶಾಯಿ ಕಂಡ ಹಾಗೆ ಕಾಣುತ್ತದೆ. ಕುಡಿಯುವ ಹದಕ್ಕಿಂತ ತೆಳ್ಳಗೆ ಮಾಡಿ, ಲೋಟದ ಹಿಂದೆ ಕ್ಯಾಮೆರಾಗೆ ಕಾಣದಷ್ಟು ಚಿಕ್ಕ ಬಿಳಿ ಕಾರ್ಡ್ ಓರೆಯಾಗಿ ಇಟ್ಟು, ಹಿಂದಿನಿಂದ ಬೆಳಕು ಹಾಯಿಸಿದರೆ ಆ ಕೆಂಪು ಏಳುತ್ತದೆ. ನಮ್ಮ ಕರಾವಳಿಯ ಸೆಕೆಗೆ ತಣ್ಣಗಿನ ಲೋಟ ತಾನಾಗಿಯೇ ಬೆವರುತ್ತದೆ ನಿಜ, ಆದರೆ ಆ ಹನಿ ನಿಲ್ಲುವುದಿಲ್ಲ, ಹರಿದು ಮೇಜು ಒದ್ದೆ. ಗ್ಲಿಸರಿನ್ ಮತ್ತು ನೀರು ಸಮಸಮ ಬೆರೆಸಿ ಸ್ಪ್ರೇ ಮಾಡಿ, ಕೂತಲ್ಲೇ ಕೂರುತ್ತದೆ. ಲೈಟಿನ ಶಾಖಕ್ಕೆ ಐಸ್ ಕರಗುವುದರಿಂದ ಪ್ಲಾಸ್ಟಿಕ್ ಐಸ್ ಹಾಕಿ. ಹಾಕಿದ ಮೇಲೆ ಅದನ್ನು ಸಂಚಾಲಕರಿಗೆ ಕುಡಿಯಲು ಕೊಡಬೇಡಿ.

ಟ್ಯೂಬ್‌ಲೈಟಿನ ಕೆಳಗಾದರೆ ಕ್ಯಾಮೆರಾದ ಶಟರ್ 1/50 ಸೆಕೆಂಡಿನಲ್ಲಿರಲಿ, ಇಲ್ಲದಿದ್ದರೆ ಪಟ್ಟೆ ಪಟ್ಟೆ ಮಿನುಗುತ್ತದೆ. ಎಸಿ ಲ್ಯಾಬಿನಿಂದ ಹೊರಗೆ ತಂದ ಕ್ಯಾಮೆರಾದ ಲೆನ್ಸ್ ಮಂಜಾಗುತ್ತದೆ. ಶಾಲಿನಿಂದ ಒರೆಸಿ ಫಲವಿಲ್ಲ, ಬ್ಯಾಗಿನಲ್ಲೇ ಅರ್ಧ ಗಂಟೆ ಬಿಟ್ಟು ತೆಗೆಯಬೇಕು.

ಮಾತಿನ ವಿಚಾರ ಬೇಗ ಮುಗಿಯುತ್ತದೆ. ಶೂಟಿಂಗ್ ನಡೆಯುವುದು ತುಳುವಿನಲ್ಲಿ, ಫೈಲು ಇಂಗ್ಲಿಷಿನಲ್ಲಿ, ಜಾಹೀರಾತು ಮಾತ್ರ ಮನೆಯಲ್ಲಿ ಯಾರೂ ಆಡದ ಕನ್ನಡದಲ್ಲಿ: ‘ಆಸ್ವಾದಿಸಿರಿ, ಆನಂದಿಸಿರಿ!’ ಉತ್ಸಾಹಿಗಳು ‘ಶುಗರ್ ಗುಣವಾಗುತ್ತದೆ’ ಎಂದೂ ಸೇರಿಸುತ್ತಾರೆ. ಸಕ್ಕರೆ ಕಾಯಿಲೆ ಗುಣಪಡಿಸುತ್ತೇವೆಂದು ಜಾಹೀರಾತು ಕೊಡುವುದನ್ನು ತಡೆಯುವ ಕಾನೂನು 1954ರಿಂದ ಇದೆ. ಅದು ಮುಂದಿನ ಸೆಮಿಸ್ಟರಿನ ಪೋರ್ಶನ್.

ಒಂದೊಂದು ಶಾಟನ್ನೂ ಮೊದಲೇ ಚಿತ್ರದಲ್ಲಿ ತೋರಿಸಬೇಕಾದ ಸ್ಟೋರಿಬೋರ್ಡನ್ನು ಶೂಟಿಂಗ್ ಮುಗಿದ ಮೇಲೆ ಬರೆಯುವುದು ಸಂಪ್ರದಾಯ. ಮುಗಿದ ವಿಡಿಯೊವನ್ನು ನಿಲ್ಲಿಸಿ ನಿಲ್ಲಿಸಿ ನೋಡಿ ಚೌಕದೊಳಗೆ ಚಿತ್ರ ಬರೆದು, ಹಿಂದಿನ ತಿಂಗಳ ತಾರೀಖು ಹಾಕಿದರೆ ಆಯಿತು. ಪ್ಲ್ಯಾನ್ ಮಾಡಿದ್ದರಲ್ಲಿ ಒಂದು ಶಾಟ್ ಕೂಡ ತಪ್ಪಿಲ್ಲವಲ್ಲ ಎಂದು ಎಕ್ಸಾಮಿನರ್ ತಲೆದೂಗುತ್ತಾರೆ.

ವೈವಾದಲ್ಲಿ, ಅಂದರೆ ಮೌಖಿಕ ಪರೀಕ್ಷೆಯಲ್ಲಿ, ತಪ್ಪದೆ ಬರುವ ಪ್ರಶ್ನೆ, ‘ಟಾರ್ಗೆಟ್ ಆಡಿಯೆನ್ಸ್ ಯಾರು?’ 18ರಿಂದ 60 ವರ್ಷದ ನಗರವಾಸಿಗಳು ಎಂದು ಹೇಳಿ ಬನ್ನಿ. ಸಂಚಾಲಕರು ಎಂಬ ಸರಿಯುತ್ತರಕ್ಕೆ ಅಂಕವಿಲ್ಲ.