ಫೆರೋ ದ್ವೀಪಗಳ ಫುಟ್ಬಾಲ್ ಲೀಗ್ ಪೂರ್ತಿ ಪ್ರೊಫೆಷನಲ್ ಆಗ್ಬೇಕಾ? ಪರ-ವಿರೋಧ

ನಾರ್ವೆಗೂ ಐಸ್‌ಲ್ಯಾಂಡಿಗೂ ಮಧ್ಯೆ ಅಟ್ಲಾಂಟಿಕ್ ಸಮುದ್ರದಲ್ಲಿ 18 ದ್ವೀಪ, ಒಟ್ಟು ಜನ ಸುಮಾರು 55,000, ಅಂದ್ರೆ ನಮ್ಮ ಪುತ್ತೂರು ಪೇಟೆಯಷ್ಟು. ಡೆನ್ಮಾರ್ಕ್ ರಾಜಮನೆತನದ ಕೆಳಗೆ ಇದ್ರೂ ಅವರಿಗೆ ಸ್ವಂತ ಪಾರ್ಲಿಮೆಂಟ್ ಇದೆ, ಸ್ವಂತ ಭಾಷೆ ಇದೆ, 1988ರಿಂದ ಫಿಫಾ ಸದಸ್ಯತ್ವಾನೂ ಇದೆ. ಅಲ್ಲಿನ ಟಾಪ್ ಲೀಗ್ ಹೆಸರು ಬೆಟ್ರಿ ಡೇಲ್ಡಿನ್ (ಬೆಟ್ರಿ ಅನ್ನೋದು ಸ್ಪಾನ್ಸರ್ ಬ್ಯಾಂಕು). 10 ಟೀಮು, 27 ರೌಂಡು, ಚಳಿಗಾಲ ಬಿಟ್ಟು ಮಾರ್ಚ್‌ನಿಂದ ಅಕ್ಟೋಬರ್‌ವರೆಗೆ ಆಟ. ಕೆಲವು ಕ್ಲಬ್‌ಗಳಲ್ಲಿ ಫುಲ್‌ಟೈಮ್ ಆಟಗಾರರು ಇದ್ದಾರೆ, ಆದ್ರೆ ಲೀಗ್‌ನಲ್ಲಿ ಬಹಳ ಜನ ಹಗಲು ಕೆಲಸ ಮುಗಿಸಿ ಸಂಜೆ ಪ್ರಾಕ್ಟೀಸಿಗೆ ಬರೋರೇ. 2023ರಲ್ಲಿ ಕ್ಲಾಕ್ಸ್‌ವಿಕ್ ಊರಿನ ಕೆಐ ಕ್ಲಬ್ ಯುರೋಪನ್ನೇ ಬೆಚ್ಚಿಬೀಳಿಸಿದ ಮೇಲೆ, ಈ ಲೀಗ್ ಇನ್ನು ಪೂರ್ತಿ ಪ್ರೊಫೆಷನಲ್ ಆಗ್ಬೇಕಾ ಅನ್ನೋದು ನಿಜವಾಗ್ಲೂ ಕೇಳಬೇಕಾದ ಪ್ರಶ್ನೆ.

ಪರ: ಆಗ್ಲೇಬೇಕು

2023ರ ಜುಲೈನಲ್ಲಿ ಏನಾಯ್ತು ನೋಡಿ. ಚಾಂಪಿಯನ್ಸ್ ಲೀಗ್ ಕ್ವಾಲಿಫೈಯಿಂಗ್ ಮೊದಲ ರೌಂಡಲ್ಲಿ ಕೆಐಗೆ ಸಿಕ್ಕಿದ್ದು ಹಂಗೇರಿ ಚಾಂಪಿಯನ್ ಫೆರೆನ್ಸ್‌ವಾರೋಸ್, ತಮ್ಮೂರಲ್ಲಿ 0-0 ಮಾಡ್ಕೊಂಡ್ರು, ಸರಿ ಬುಡಾಪೆಸ್ಟ್‌ನಲ್ಲಿ ಕಥೆ ಮುಗೀತು ಅಂತ ಎಲ್ಲರೂ ಅಂದ್ಕೊಂಡಿದ್ರೆ ಅಲ್ಲಿ ಹೋಗಿ 3-0 ಗೆದ್ದು ಬಂದ್ರು, ಆ ಸೋಲಿಗೆ ಫೆರೆನ್ಸ್‌ವಾರೋಸ್ ಕೋಚ್ ಚೆರ್ಚೆಸೊವ್ ಕೆಲಸಾನೇ ಹೋಯ್ತು. ಮುಂದಿನ ರೌಂಡಲ್ಲಿ ಸ್ವೀಡನ್ ಚಾಂಪಿಯನ್ ಹೆಕೆನ್ ಪೆನಾಲ್ಟಿ ಶೂಟೌಟಲ್ಲಿ ಔಟ್. ಮೂರನೇ ರೌಂಡಲ್ಲಿ ನಾರ್ವೆಯ ಮೋಲ್ಡೆಯನ್ನ ಮನೇಲಿ 2-1 ಸೋಲಿಸಿದ್ರು, ಅಲ್ಲಿ ಹೋಗಿ ಎಕ್ಸ್‌ಟ್ರಾ ಟೈಮಲ್ಲಿ ಸೋತ್ರು.

ಆ ಎಕ್ಸ್‌ಟ್ರಾ ಟೈಮ್ ಬಗ್ಗೆ ಸ್ವಲ್ಪ ಯೋಚನೆ ಮಾಡಿ. ಫುಟ್ಬಾಲಲ್ಲಿ 90 ನಿಮಿಷ ಆದ್ಮೇಲೆ ಕೌಶಲಕ್ಕಿಂತ ಜಾಸ್ತಿ ಮಾತಾಡೋದು ಕಾಲು. ದಿನಾ ಬೆಳಗ್ಗೆ ಟ್ರೇನಿಂಗ್, ಮಧ್ಯಾಹ್ನ ವಿಶ್ರಾಂತಿ, ಊಟ ನಿದ್ದೆ ಎಲ್ಲ ಲೆಕ್ಕ ಇರೋ ಟೀಮ್ ಒಂದು ಕಡೆ, ಕೆಲಸಕ್ಕೆ ರಜೆ ಹಾಕಿ ಬಂದಿರೋ ಆಟಗಾರರೂ ಸೇರಿರೋ ಟೀಮ್ ಇನ್ನೊಂದು ಕಡೆ, ಇಷ್ಟಿದ್ದೂ 120 ನಿಮಿಷ ಎಳೆದಿದ್ದಾರೆ. ಪೂರ್ತಿ ಪ್ರೊಫೆಷನಲ್ ಆಗಿದ್ರೆ ಎಲ್ಲಿವರೆಗೆ ಹೋಗ್ತಿದ್ರು? ಆಮೇಲೆ ಯುರೋಪಾ ಲೀಗ್ (ಚಾಂಪಿಯನ್ಸ್ ಲೀಗ್‌ಗಿಂತ ಒಂದು ಹಂತ ಕೆಳಗಿನ ಟೂರ್ನಿ) ಪ್ಲೇಆಫಲ್ಲಿ ಮಾಲ್ಡೋವಾದ ಶೆರಿಫ್ ಕ್ಲಬ್ ಕೈಲಿ ಸೋತು ಅದಕ್ಕೂ ಕೆಳಗಿನ ಕಾನ್ಫರೆನ್ಸ್ ಲೀಗ್ ಗ್ರೂಪಿಗೆ ಬಂದ್ರು, ಫೆರೋ ಕ್ಲಬ್ ಒಂದು ಯುರೋಪಿನ ಗ್ರೂಪ್ ಹಂತ ಕಂಡಿದ್ದು ಅದೇ ಮೊದಲು, ಅಲ್ಲೂ ಫ್ರಾನ್ಸಿನ ಲೀಲ್ ಜೊತೆ 0-0, ಸ್ಲೊವೇನಿಯಾದ ಒಲಿಂಪಿಯಾ ಲುಬ್ಲಿಯಾನಾ ಮೇಲೆ 3-0.

ಇನ್ನೊಂದು ಸಾಕ್ಷಿ ನ್ಯಾಷನಲ್ ಟೀಮು. 2025ರ ಅಕ್ಟೋಬರ್ 12ಕ್ಕೆ ವರ್ಲ್ಡ್ ಕಪ್ ಕ್ವಾಲಿಫೈಯರಲ್ಲಿ ಜೆಕ್ ಟೀಮನ್ನ ರಾಜಧಾನಿ ಟೋರ್ಸ್‌ಹಾವ್ನ್‌ನಲ್ಲಿ 2-1 ಸೋಲಿಸಿದ್ರು, ಜೆಕ್ ಕೋಚ್ ಹಾಶೆಕ್ ಕೆಲಸಾನೂ ಹೋಯ್ತು. ಆ ಟೀಮಲ್ಲಿ ಹೊರದೇಶದ ಲೀಗ್‌ಗಳಲ್ಲಿ ಸಂಬಳ ತಗೊಂಡು ಆಡೋ ಹುಡುಗರು ಇದ್ದಾರೆ. ಅಂದ್ರೆ ಈ ದ್ವೀಪದ ಹುಡುಗರಿಗೆ ಪ್ರೊಫೆಷನಲ್ ವಾತಾವರಣ ಕೊಟ್ರೆ ಅವರು ಯಾರಿಗೂ ಕಮ್ಮಿ ಇಲ್ಲ, ಹಾಗಿದ್ಮೇಲೆ ಆ ವಾತಾವರಣಕ್ಕೆ 17-18ನೇ ವಯಸ್ಸಿಗೇ ಊರು ಬಿಟ್ಟು ಯಾಕೆ ಹೋಗ್ಬೇಕು, ಎಲ್ಲರಿಗೂ ಅದು ಒಗ್ಗಲ್ಲ, ಎಷ್ಟೋ ಜನ ವಾಪಸ್ ಬರ್ತಾರೆ, ಬಂದಾಗ ಇಲ್ಲಿ ಕಾಯ್ತಿರೋದು ಮತ್ತೆ ಅರ್ಧ ಸಂಬಳದ ಆಟ.

ಊರುಗಳು ದೂರ, ಸಮುದ್ರ ಅಡ್ಡ ಅಂತ ಹಿಂದೆ ಹೇಳ್ತಿದ್ರು. 2020ರ ಡಿಸೆಂಬರಲ್ಲಿ ಸಮುದ್ರದಡಿ 11 ಕಿ.ಮೀ. ಸುರಂಗ ಓಪನ್ ಆಯ್ತು, ಸಮುದ್ರದ ಕೆಳಗೇ ಒಂದು ರೌಂಡಬೌಟ್ ಬೇರೆ ಇದೆ. ಟೋರ್ಸ್‌ಹಾವ್ನ್‌ನಿಂದ ಪಕ್ಕದ ದ್ವೀಪದ ರುನಾವಿಕ್ ಊರಿಗೆ ಒಂದು ಗಂಟೆ ಮೇಲೆ ಹಿಡೀತಿದ್ದ ದಾರಿ ಈಗ ಕಾಲು ಗಂಟೆ ಚಿಲ್ಲರೆ. ಇಷ್ಟು ಜನಕ್ಕೆ ಇಂಥ ಸುರಂಗ ಕಟ್ಟೋ ಧೈರ್ಯ ಮಾಡಿದ ದೇಶ ಹತ್ತು ಟೀಮಿಗೆ ಸಂಬಳ ಕೊಡೋಕೆ ಹೆದರೋದು ಸರಿಯಲ್ಲ.

ವಿರೋಧ: ಬೇಡ, ನಾನು ಈ ಕಡೆ

ಮೇಲಿನ ವಾದ ಬರೆಯೋವಾಗ ನನಗೂ ಆಸೆ ಹುಟ್ಟತ್ತೆ, ಸುಳ್ಳು ಹೇಳಲ್ಲ. ಆದ್ರೆ ಲೆಕ್ಕ ಹಾಕಿ. ಟೀಮಿಗೆ 22 ಜನ ಅಂದ್ರೂ 10 ಟೀಮಿಗೆ 220 ಫುಲ್‌ಟೈಮ್ ಆಟಗಾರರು ಬೇಕು. ಒಟ್ಟು 55,000 ಜನ, ಅದರಲ್ಲಿ ಅರ್ಧ ಹೆಂಗಸರು, ಉಳಿದಿದ್ದರಲ್ಲಿ ಮುದುಕರು ಮಕ್ಕಳನ್ನ ಬಿಡಿ, ಆಮೇಲೆ ಒಳ್ಳೆ ಹುಡುಗರನ್ನ ಡೆನ್ಮಾರ್ಕ್ ನಾರ್ವೆ ಕ್ಲಬ್‌ಗಳು ಎತ್ಕೊಂಡು ಹೋಗೋದು ನೀವು ಸಂಬಳ ಕೊಟ್ರೂ ನಿಲ್ಲಲ್ಲ, ಯಾಕಂದ್ರೆ ಅವರು ಕೊಡೋ ಸಂಬಳ ಇವರ ಕೈಲಿ ಕೊಡೋಕೆ ಆಗಲ್ಲ. ಆ ಖಾಲಿ ಜಾಗ ತುಂಬೋದು ಹೊರಗಿಂದ ಬಂದವರು, ಊರಿನ 18ರ ಹುಡುಗ ಬೆಂಚಲ್ಲಿ.

ದುಡ್ಡು ಎಲ್ಲಿಂದ? ಈ ದೇಶದ ರಫ್ತಲ್ಲಿ 90 ಪರ್ಸೆಂಟ್ ಮೇಲೆ ಮೀನು ಮತ್ತು ಮೀನಿನ ಪದಾರ್ಥ. ಮೀನಿನ ರೇಟ್ ಬಿದ್ದ ವರ್ಷ ಸ್ಪಾನ್ಸರ್ ಕೈನೂ ಬೀಳತ್ತೆ. ಇನ್ನು ಯುಯೆಫಾ (ಯುರೋಪಿನ ಫುಟ್ಬಾಲ್ ಸಂಸ್ಥೆ) ಕೊಡೋ ಹಣದಲ್ಲಿ ದೊಡ್ಡ ಪಾಲು ಹೋಗೋದು ಯುರೋಪಲ್ಲಿ ಗೆದ್ದ ಕ್ಲಬ್‌ಗೆ. ಒಂದು ಜುಲೈ ಚೆನ್ನಾಗಿತ್ತು ಅಂತ ವರ್ಷಪೂರ್ತಿ ಸಂಬಳದ ಕಾಂಟ್ರಾಕ್ಟ್‌ಗೆ ಸಹಿ ಹಾಕಿ, ಮುಂದಿನ ಜುಲೈಲಿ ಮೊದಲ ರೌಂಡಲ್ಲೇ ಔಟಾದ್ರೆ ಆ ಹುಡುಗರಿಗೆ ಯಾರು ಕೊಡ್ತಾರೆ? ಜುಲೈ ಅಂತ ಒತ್ತಿ ಹೇಳೋಕೆ ಕಾರಣ ಇದೆ: ಫೆರೋ ಟೀಮ್‌ಗಳಿಗೆ ಅದು ಸೀಸನ್ ಮಧ್ಯ, ಎದುರಾಳಿ ಹಂಗೇರಿಯವರಂಥವರಿಗೆ ಆಗಷ್ಟೇ ಸೀಸನ್ ಶುರು ಆಗೋ ಹೊತ್ತು. ಈ ಅನುಕೂಲ ಸಂಬಳದಿಂದ ಬಂದಿದ್ದಲ್ಲ, ಅಲ್ಲಿನ ಹವಾಮಾನದಿಂದ ಬಂದಿದ್ದು. ಆದ್ರೆ ಹೆಕೆನ್, ಮೋಲ್ಡೆ ಕೂಡ ಅದೇ ಥರ ಬೇಸಿಗೆ ಸೀಸನ್ ಆಡೋರು, ಅವರ ಜೊತೆ ಸಮಬಲ ತೋರಿಸಿದ್ದು ಮಾತ್ರ ಕೆಐನ ಸ್ವಂತ ತಾಕತ್ತು, ಅದನ್ನ ಒಪ್ಪಲೇಬೇಕು.

ಆಮೇಲೆ ದುಡ್ಡಿದ್ರೆ ಎಲ್ಲ ಆಗತ್ತೆ ಅನ್ನೋದಾದ್ರೆ, ಯುರೋಪಿನ ಹಣ ಬಂದ ಮರುವರ್ಷ 2024ರಲ್ಲಿ ಲೀಗ್ ಗೆದ್ದಿದ್ದು ಕೆಐ ಅಲ್ಲ, ಗೋಟಾದ ವಿಕಿಂಗುರ್. ಗೋಟಾ ಅಂದ್ರೆ ಕೊಲ್ಲಿ ಸುತ್ತ ಇರೋ ಸಣ್ಣ ಹಳ್ಳಿಗಳು. ಅಂಥ ಹಳ್ಳಿ ಇವತ್ತೂ ಚಾಂಪಿಯನ್ ಆಗಬಹುದು, ಈ ಲೀಗಿನ ಜೀವ ಇರೋದೇ ಅದರಲ್ಲಿ. ಎಲ್ಲರಿಗೂ ಫುಲ್‌ಟೈಮ್ ಸಂಬಳ ಕಡ್ಡಾಯ ಮಾಡಿದ ದಿನ ಅದು ಟೋರ್ಸ್‌ಹಾವ್ನ್ ಮತ್ತು ಕ್ಲಾಕ್ಸ್‌ವಿಕ್ ಅನ್ನೋ ಎರಡು ದೊಡ್ಡ ಊರುಗಳ ನಡುವಿನ ಜಗಳ ಆಗಿಬಿಡತ್ತೆ.

ಸುರಂಗದ ಮಾತು ಬಂತಲ್ಲ, ದಕ್ಷಿಣದ ಸುದುರೊಯ್ ದ್ವೀಪಕ್ಕೆ ಇವತ್ತಿಗೂ ಸುರಂಗ ಇಲ್ಲ. ಸ್ಮಿರಿಲ್ ಅನ್ನೋ ಫೆರಿಯಲ್ಲಿ ಸುಮಾರು ಎರಡು ಗಂಟೆ. ಅಲ್ಲಿನ ಟ್ವೋರೊಯ್ರಿ ಊರಿನ ಟಿಬಿ 1892ರಲ್ಲಿ ಹುಟ್ಟಿದ್ದು, ದೇಶದ ಅತಿ ಹಳೇ ಕ್ಲಬ್, ಟೀಮ್ ಕಟ್ಟೋಕೇ ಕಷ್ಟ ಆಗಿ 2017ರಲ್ಲಿ ದ್ವೀಪದ ಇನ್ನೆರಡು ಕ್ಲಬ್ ಜೊತೆ ಒಂದಾಗಿ ಆಡಿತ್ತು. ಆ ಕ್ಲಬ್‌ಗೆ ಹೋಗಿ ಇನ್ಮೇಲೆ 22 ಜನಕ್ಕೆ ತಿಂಗಳ ಸಂಬಳ ಕೊಡಿ ಅಂದ್ರೆ, ಬಾಗಿಲು ಹಾಕಿ ಅಂತಲೇ ಹೇಳಿದ ಹಾಗೆ.

ಕೆಲಸ ಮಾಡ್ಕೊಂಡು ಆಡೋರನ್ನ ಯಾರೂ ಕೀಳಾಗಿ ನೋಡ್ಬೇಡಿ. 1990ರ ಸೆಪ್ಟೆಂಬರ್ 12ಕ್ಕೆ ಫೆರೋ ಆಡಿದ ಮೊದಲ ಯುರೋ ಕ್ವಾಲಿಫೈಯರ್, ಎದುರು ಆಸ್ಟ್ರಿಯಾ, ಆ ವರ್ಷದ ವರ್ಲ್ಡ್ ಕಪ್ ಆಡಿ ಬಂದಿದ್ದ ಟೀಮು. ಸ್ವಂತ ದೇಶದಲ್ಲಿ ಹುಲ್ಲಿನ ಮೈದಾನ ಇಲ್ಲದೆ ಸ್ವೀಡನ್ನಿನ ಲ್ಯಾಂಡ್ಸ್‌ಕ್ರೋನಾದಲ್ಲಿ ಆಡಿದ್ರು, 1-0 ಗೆದ್ರು. ಗೋಲ್ ಹೊಡೆದ ಟೋರ್ಕಿಲ್ ನೀಲ್ಸನ್ ಮರದ ವ್ಯಾಪಾರದ ಕೆಲಸದಲ್ಲಿದ್ದವರು, ತಲೆಗೆ ಬಿಳಿ ಉಣ್ಣೆ ಟೋಪಿ ಹಾಕ್ಕೊಂಡು ಗೋಲ್ ಕಾದ ಯೆನ್ಸ್ ಮಾರ್ಟಿನ್ ಕ್ನುಡ್ಸನ್ ಫೋರ್ಕ್‌ಲಿಫ್ಟ್ ಓಡಿಸ್ತಿದ್ದವರು. ಇನ್ನೂ ಹಿಂದಕ್ಕೆ ಹೋದ್ರೆ 1942ರಲ್ಲಿ ಶುರುವಾದ ಈ ಲೀಗ್ 1944ರಲ್ಲಿ ನಡೀಲಿಲ್ಲ, ಯುದ್ಧದ ಕಾಲ, ದ್ವೀಪದಲ್ಲಿ ಆಡೋಕೆ ಚೆಂಡೇ ಇರ್ಲಿಲ್ಲ. ಮುಂದಿನ ವರ್ಷ ಮತ್ತೆ ಶುರು ಮಾಡಿದ್ರು.

ಹಾಗಂತ ಈಗಿರೋ ಹಾಗೇ ಬಿಡಿ ಅಂತಾನೂ ನಾನು ಹೇಳ್ತಿಲ್ಲ. ಕೆಐ, ಟೋರ್ಸ್‌ಹಾವ್ನ್‌ನ ಎಚ್‌ಬಿ ಥರದ ಕ್ಲಬ್‌ಗೆ ತಾಕತ್ತಿದ್ರೆ ಎಷ್ಟು ಜನಕ್ಕೆ ಬೇಕಾದ್ರೂ ಫುಲ್‌ಟೈಮ್ ಸಂಬಳ ಕೊಡಲಿ, ತಡೆಯೋದು ಬೇಡ. ಆದ್ರೆ ಲೀಗಿಗೇ ಅದನ್ನ ನಿಯಮ ಮಾಡೋದು ಬೇಡ. ಯುರೋಪಿನಿಂದ ಬರೋ ಹಣದಲ್ಲಿ ಇನ್ನೂ ದೊಡ್ಡ ಪಾಲು ಯುರೋಪಿಗೆ ಹೋಗದ ಕ್ಲಬ್‌ಗಳಿಗೆ ಹಂಚಲಿ, ಆ ದುಡ್ಡಲ್ಲಿ ಆಟಗಾರರಿಗಿಂತ ಮೊದಲು ಮಕ್ಕಳ ಕೋಚ್‌ಗಳಿಗೆ ಫುಲ್‌ಟೈಮ್ ಸಂಬಳ ಸಿಗಲಿ, ಸುದುರೊಯ್‌ನಿಂದಲೇ ಶುರು ಮಾಡಲಿ.