ಯಾಕೆ ಆಫ್ ಆಯ್ತು ಅಂದ್ರೆ, ಆಫ್ ಆಯ್ತಂತೆ!

ನಿನ್ನೆ ಮತ್ತೆ ಅದೇ ಕಥೆ. ಫೈಲ್ ಇನ್ನೂ ಸೇವ್ ಆಗಿರಲಿಲ್ಲ, ಸ್ಕ್ರೀನ್ ಪಟ್ಟನೆ ಕಪ್ಪಾಯಿತು, ಕಂಪ್ಯೂಟರ್ ತಾನೇ ರೀಸ್ಟಾರ್ಟ್ ಆಯಿತು. ಆಮೇಲೆ ಏನೂ ಗೊತ್ತಿಲ್ಲದವರ ಥರ ಪಾಸ್‌ವರ್ಡ್ ಬೇರೆ ಕೇಳುತ್ತದೆ!

ಕಾರಣ ಹುಡುಕೋಣ ಎಂದು ವಿಂಡೋಸ್‌ ತನ್ನ ಆಗುಹೋಗು ಬರೆದಿಡುವ ಈವೆಂಟ್ ವ್ಯೂವರ್ ತೆರೆದರೆ ಅಲ್ಲಿ ಕರ್ನಲ್-ಪವರ್ 41 ಅನ್ನೋ ಎರರ್. ಅರ್ಥ ಇಷ್ಟೇ: ಸರಿಯಾಗಿ ಶಟ್‌ಡೌನ್ ಆಗದೆ ಸಿಸ್ಟಮ್ ರೀಸ್ಟಾರ್ಟ್ ಆಗಿದೆ. ಅಯ್ಯಾ ಪುಣ್ಯಾತ್ಮ, ಅದು ನನ್ನ ಕಣ್ಣೆದುರೇ ಆಯ್ತಲ್ವಾ? ಯಾಕೆ ಅಂತ ಹೇಳು! ಕೆಲವು ಸಲ ನೀಲಿ ಸ್ಕ್ರೀನ್ ದರ್ಶನ ಕೊಡುತ್ತದೆ. ಅದರಲ್ಲಿರುವ ಎರರ್ ಕೋಡ್ ಓದುವಷ್ಟರಲ್ಲಿ ಮಾಯ.

ಇನ್ನು ಸಲಹೆ ಕೊಡುವವರು. ರ‍್ಯಾಮ್ ತೆಗೆದು ರಬ್ಬರ್‌ನಿಂದ ಉಜ್ಜು. ಡ್ರೈವರ್ ಅಪ್‌ಡೇಟ್ ಮಾಡು. ಇಲ್ಲ ಇಲ್ಲ, ಹಳೇ ಡ್ರೈವರ್ರೇ ಹಾಕು. ಪ್ರೊಸೆಸರ್‌ಗೆ ಬಿಸಿ ತಗ್ಗಿಸುವ ಹೊಸ ಪೇಸ್ಟ್ ಹಚ್ಚು. ಕರೆಂಟ್ ಕೊಡುವ ಡಬ್ಬಿ, ಅದೇ ಎಸ್‌ಎಂಪಿಎಸ್, ಬದಲಿಸು. ಕೊನೆಗೆ ಎಲ್ಲರದೂ ಒಂದೇ ಮಂತ್ರ, ಫಾರ್ಮ್ಯಾಟ್ ಮಾಡಿಬಿಡು! ತಲೆನೋವಿಗೆ ತಲೆಯನ್ನೇ ತೆಗೆದ ಹಾಗೆ.

ರಾತ್ರಿಯಿಡೀ ಮೆಮೊರಿ ಟೆಸ್ಟ್ ಓಡಿಸಿದರೆ ಒಂದೂ ಎರರ್ ಇಲ್ಲ. ಟೆಂಪರೇಚರ್ ನೋಡಿದರೆ ಅದೂ ಸರಿಯಾಗೇ ಇದೆ. ಹೋಗಲಿ, ರಿಪೇರಿಗೆ ಕೊಟ್ಟರೆ? ಅಲ್ಲಿ ಇಡೀ ದಿನ ಸಾಧುವಾಗಿ ಕೂತಿರುತ್ತದೆ. "ಏನೂ ಪ್ರಾಬ್ಲಂ ಇಲ್ವಲ್ಲ ಸಾರ್" ಅಂತಾರೆ. ಹಾಗಾದರೆ ಪ್ರಾಬ್ಲಂ ಇರೋದು ನನ್ನಲ್ಲೇನಾ?