364 ಶಾಸಕರ ಒಬ್ಬ ಮತದಾರ

ಗಡಿನಾಡ ಕನ್ನಡಿಗನಿಗೆ ಏನೇನು ಕೊರತೆಯಿದೆ ಎಂಬ ಬಗ್ಗೆ ಸಮ್ಮೇಳನಗಳಲ್ಲಿ ಠರಾವುಗಳು ಆಗುತ್ತಲೇ ಇರುತ್ತವೆ. ಆದರೆ ಸುದ್ದಿಯ ವಿಷಯದಲ್ಲಿ ಅವನಷ್ಟು ಸಿರಿವಂತ ಬೇರೊಬ್ಬನಿರಲಾರ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು, ಮನಸ್ಸು ಮಾತ್ರ ಮಂಗಳೂರಿನ ಕಡೆಗೇ ಉಳಿಯಿತು. ಆದ್ದರಿಂದ ಆಡಳಿತದ ಸುದ್ದಿ ಮಲಯಾಳದಲ್ಲಿಯೂ ಅಭಿಮಾನದ ಸುದ್ದಿ ಕನ್ನಡದಲ್ಲಿಯೂ ಒಂದೇ ಮೊಬೈಲಿಗೆ ಬಂದು ಬೀಳುತ್ತವೆ. ಕರ್ನಾಟಕದ 224, ಕೇರಳದ 140, ಹೀಗೆ ಒಟ್ಟು 364 ಶಾಸಕರಲ್ಲಿ ಯಾರು ಯಾರ ಮೇಲೆ ಮುನಿಸಿಕೊಂಡಿದ್ದಾರೆ, ಯಾರು ಮಂತ್ರಿಗಿರಿಗೆ ಕಾದು ಕುಳಿತಿದ್ದಾರೆ ಎಂಬುದನ್ನು ಚಹಾ ಆರುವುದರೊಳಗೆ ವಿವರಿಸಬಲ್ಲವರು ಬದಿಯಡ್ಕದ ಹೋಟೆಲುಗಳಲ್ಲಿ ಸಿಗುತ್ತಾರೆ. ಮತ ಹಾಕಿ ಗೆಲ್ಲಿಸಲು ಅವರ ಪಾಲಿಗಿರುವುದು ಆ 364ರಲ್ಲಿ ಒಂದೇ ಸ್ಥಾನ. ಉಳಿದ 363 ಮಂದಿಯ ಚಿಂತೆಯನ್ನು ಅವರು ಸಂಬಳವಿಲ್ಲದೆ ಹೊತ್ತುಕೊಂಡಿದ್ದಾರೆ.

ಈ ಸಿರಿತನ ತುಂಬಿ ಹರಿಯುವುದು ಮಳೆಗಾಲದಲ್ಲಿ. ದಕ್ಷಿಣ ಕನ್ನಡದಲ್ಲೊಬ್ಬ ಜಿಲ್ಲಾಧಿಕಾರಿ, ಕಾಸರಗೋಡಿನಲ್ಲೊಬ್ಬ ಜಿಲ್ಲಾಧಿಕಾರಿ. ಮೋಡ ತಲಪಾಡಿಯ ಗಡಿಯನ್ನು ಕೇಳಿ ದಾಟುವುದಿಲ್ಲವಾದರೂ ರಜೆ ಮಾತ್ರ ಅಲ್ಲಿಯೇ ನಿಲ್ಲುತ್ತದೆ. ಆಚೆ ರಜೆ ಎಂಬ ಸಂದೇಶ ಕಾಸರಗೋಡಿನ ಕಡೆಯ ಹೊಸಂಗಡಿಯ ಮನೆಗೆ ಬಂದು ಮಕ್ಕಳು ಮತ್ತೆ ಹೊದ್ದು ಮಲಗುತ್ತಾರೆ. ಈಚೆ ರಜೆಯಿಲ್ಲ ಎಂಬ ಸಂದೇಶ ಬರುವಾಗ ಶಾಲೆಯ ಬಸ್ಸು ಹೋಗಿರುತ್ತದೆ. ಈಚೆಯೂ ರಜೆ ಎಂದು ಮೊಹರು ಸಹಿತ ಬಂದ ಮೂರನೆಯ ಆದೇಶವನ್ನು ಹಿಗ್ಗಿಸಿ ನೋಡಿದರೆ ಮೂಲೆಯಲ್ಲಿ ಕಳೆದ ವರ್ಷದ ತಾರೀಕು ಇರುತ್ತದೆ. ಇಷ್ಟಾದ ಮೇಲೆ ಎಲ್ಲರೂ ಮುಖ್ಯೋಪಾಧ್ಯಾಯರಿಗೆ ಕರೆ ಮಾಡುತ್ತಾರೆ, ಅವರೂ ಅದೇ ವಾಟ್ಸಾಪ್ ಗುಂಪನ್ನು ನೋಡುತ್ತಿರುತ್ತಾರೆ. 24 ಗಂಟೆಗಳಲ್ಲಿ 204.4 ಮಿಲಿಮೀಟರಿಗಿಂತ ಹೆಚ್ಚು ಮಳೆಯ ಸಂಭವವಿದ್ದರೆ ಹವಾಮಾನ ಇಲಾಖೆ ರೆಡ್ ಅಲರ್ಟ್ ಕೊಡುತ್ತದೆ ಎಂಬುದು ಈಗ ಒಂದನೆಯ ತರಗತಿಯ ಮಗುವಿಗೂ ಗೊತ್ತು. ಅಂಗಳದಲ್ಲಿ ಮಳೆ ಬರುತ್ತಿದೆಯೇ ಎಂದು ಕೇಳಿದರೆ ಮಾತ್ರ ಮನೆಯವರೆಲ್ಲ ಮೊಬೈಲ್ ತೆರೆಯುತ್ತಾರೆ.

ಕೃಷಿಕರ ಮಾತು ಬೇರೆಯಲ್ಲ. ಅಡಿಕೆಯ ಧಾರಣೆ ಏರುವುದೋ ಇಳಿಯುವುದೋ ಎಂದು ಭವಿಷ್ಯ ಹೇಳುವ ವಿಡಿಯೋಗಳನ್ನು ಒಂದೂ ಬಿಡದೆ ನೋಡುತ್ತ ಕುಳಿತಿದ್ದಾಗ ಮಳೆಯ ನಡುವೆ ಬಿಸಿಲು ಬಿದ್ದು ಹೋಗುತ್ತದೆ, ಅಡಿಕೆಗೆ ಮದ್ದು ಬಿಡಲು ಕಲಸಬೇಕಾಗಿದ್ದ ಮೈಲುತುತ್ತು ಚೀಲದಲ್ಲಿಯೇ ಉಳಿಯುತ್ತದೆ, ಧಾರಣೆ ಏರುವ ಹೊತ್ತಿಗೆ ಕೊಳೆರೋಗ ತನ್ನ ಪಾಲನ್ನು ಉದುರಿಸಿರುತ್ತದೆ.

ಪರಿಹಾರಗಳಿಗೆ ಕೊರತೆಯಿಲ್ಲ, ಅವೂ ಸುದ್ದಿಯಾಗಿಯೇ ಬರುತ್ತವೆ. ಸುದ್ದಿ ನೋಡುವುದನ್ನು ಕಡಿಮೆ ಮಾಡುವುದು ಹೇಗೆಂದು ಮುಕ್ಕಾಲು ಗಂಟೆ ಬೋಧಿಸುವ ವಿಡಿಯೋವನ್ನು ಒಬ್ಬರೇ ಮಹನೀಯರು ಮೂರು ಗುಂಪುಗಳಿಗೆ ಹಾಕುತ್ತಾರೆ. ಪದೇ ಪದೇ ರವಾನೆಯಾದ ಸಂದೇಶವನ್ನು ಒಮ್ಮೆಗೆ ಒಂದೇ ಕಡೆಗೆ ಕಳುಹಿಸಬಹುದೆಂದು ವಾಟ್ಸಾಪ್ 2020ರಲ್ಲಿ ಮಿತಿ ಹಾಕಿತೇನೋ ನಿಜ. ಒಂದೊಂದೇ ಕಡೆಗೆ ನೂರು ಸಲ ಕಳುಹಿಸುವ ನಮ್ಮವರ ತಾಳ್ಮೆಗೆ ಮಿತಿ ಹಾಕಲು ಅದರಿಂದಾಗಲಿಲ್ಲ. ಗಲಾಟೆಯೇ ಬೇಡವೆಂದು ಕೆಲವು ಹಿರಿಯರು ಮುಖ್ಯ ಸುದ್ದಿಗೆ ಮಾತ್ರ ಎಂದು ಪ್ರತ್ಯೇಕ ಗುಂಪೊಂದನ್ನು ತೆರೆದರು. ಯಾವುದು ಮುಖ್ಯ ಎಂಬ ಚರ್ಚೆಯಲ್ಲಿ ಅದು ಎರಡಾಯಿತು, ಈಗ ಒಂದರಲ್ಲಿ ಏನು ಬಂತೆಂದು ತಿಳಿಯಲು ಇನ್ನೊಂದರಲ್ಲಿಯೂ ಇರಬೇಕಾಗಿದೆ.

ಕೇರಳದ ಕಾನೂನಿನಂತೆ ಗ್ರಾಮಸಭೆ ಮೂರು ತಿಂಗಳಿಗೊಮ್ಮೆಯಾದರೂ ಸೇರಬೇಕು, ಕೋರಂಗೆ ವಾರ್ಡಿನ ಮತದಾರರಲ್ಲಿ ಶೇ. 10 ಮಂದಿ ಇರಬೇಕು. ಮನೆಯೆದುರಿನ ಮೋರಿ, ಉರಿಯದ ಬೀದಿದೀಪ, ಬಾರದ ನೀರು, ಇವುಗಳ ಮಾತು ಆಗುವುದು ಅಲ್ಲಿಯೇ. ವಾರ್ಡ್ ಸದಸ್ಯೆ ಸಭೆಯ ನೋಟೀಸನ್ನು ಬೆಳಗ್ಗೆ ಗುಂಪಿಗೆ ಹಾಕಿರುತ್ತಾರೆ. ಬೆಂಗಳೂರಿನ ಸಿಲ್ಕ್ ಬೋರ್ಡ್ ವೃತ್ತದ ಟ್ರಾಫಿಕ್ ಜಾಮ್, ತಿರುವನಂತಪುರದ ಧರಣಿ ಮತ್ತು ಯಾರದೋ ಹುಟ್ಟುಹಬ್ಬದ ಶುಭಾಶಯಗಳ ಅಡಿಯಲ್ಲಿ ಅದು ಮಧ್ಯಾಹ್ನದೊಳಗೆ ಹೂತುಹೋಗಿರುತ್ತದೆ. ಕೋರಂ ಇಲ್ಲದೆ ಸಭೆ ಮುಂದಕ್ಕೆ ಹೋಗುತ್ತದೆ. ಬಂದಿದ್ದ ನಾಲ್ಕೈದು ಮಂದಿಯಲ್ಲಿ ಒಬ್ಬರು ಖಾಲಿ ಕುರ್ಚಿಗಳ ವಿಡಿಯೋ ಮಾಡಿ ಹಾಕುತ್ತಾರೆ. ಅದನ್ನು ವಾರ್ಡಿನವರೆಲ್ಲರೂ ತಪ್ಪದೆ ನೋಡುತ್ತಾರೆ ಮತ್ತು ‘ಈಗಿನ ಜನರಿಗೆ ಊರಿನ ಕಾಳಜಿಯೇ ಇಲ್ಲ’ ಎಂಬ ಷರಾದೊಂದಿಗೆ ಮುಂದಿನ ಗುಂಪಿಗೆ ಕಳುಹಿಸುತ್ತಾರೆ.